ಒಂದು ಟರ್ಬೊ ಸಾಕಾ, ಎರಡು ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಇಂಜಿನ್‌ಗೆ ಟರ್ಬೊ ಹಾಕಿಸುವ ಮಾತು ಬಂದರೆ ಸುತ್ತಿ ಸುತ್ತಿ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಟರ್ಬೊ ಬಗ್ಗೆ ಆಗಲೇ ಗೊತ್ತಿರುವವರು ನೇರವಾಗಿ ಮೂರನೇ ಭಾಗಕ್ಕೆ ಹೋಗಬಹುದು.

## ಬುಡದಿಂದ ಶುರು

ಟರ್ಬೊ ನಿಜವಾಗಿ ಮಾಡೋದೇನು?

ಇಂಜಿನ್ ಹೊರಗೆ ಬಿಡುವ ಎಕ್ಸಾಸ್ಟ್ ಹೊಗೆಯಲ್ಲಿ ಇನ್ನೂ ತುಂಬಾ ಶಾಖ, ಒತ್ತಡ ಉಳಿದಿರುತ್ತದೆ. ಆ ಹೊಗೆ ಟರ್ಬೈನ್ ಎಂಬ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯಲ್ಲಿ ಕಂಪ್ರೆಸರ್ ಚಕ್ರ ಇದೆ. ಅದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಇಂಜಿನ್ ಒಳಗೆ ತುಂಬುತ್ತದೆ. ಗಾಳಿ ಜಾಸ್ತಿ ಹೋದರೆ ಇಂಧನವನ್ನೂ ಜಾಸ್ತಿ ಸುಡಬಹುದು, ಹಾಗಾಗಿ ಪವರ್ ಜಾಸ್ತಿ. ಈ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುವುದು ಮಾಮೂಲಿ. ಸಣ್ಣ ಟರ್ಬೊಗಳು ಎರಡು ಲಕ್ಷವನ್ನೂ ದಾಟುತ್ತವೆ.

ಇದರ ಮೂಲ ಪೇಟೆಂಟ್ ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ ಹೆಸರಿನಲ್ಲಿ 1905ರಲ್ಲೇ ಆಯಿತು. ಜನ ಕೊಳ್ಳುವ ಕಾರುಗಳಿಗೆ ಟರ್ಬೊ ಬಂದದ್ದು 1962ರಲ್ಲಿ. ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕೊರ್ವೇರ್ ಅದೇ ವರ್ಷ ಬಂದವು. ಎರಡು ಟರ್ಬೊ ಇಟ್ಟ ಕಾರನ್ನು ಮೊದಲು ಮಾರಾಟಕ್ಕೆ ತಂದದ್ದು ಮಸೆರಾಟಿ, 1981ರ ಬೈಟರ್ಬೊ ಮಾದರಿಯಲ್ಲಿ.

ಎರಡು ಟರ್ಬೊ ಅಂದ್ರೆ ಡಬಲ್ ಪವರ್ ಅಲ್ವಾ?

ಅಲ್ಲ. ಎಷ್ಟು ಪವರ್ ಅನ್ನೋದನ್ನು ತೀರ್ಮಾನಿಸುವುದು ಇಂಜಿನ್ ಒಳಗೆ ಒಟ್ಟು ಎಷ್ಟು ಗಾಳಿ ಹೋಗುತ್ತದೆ ಎಂಬುದು. ಆ ಗಾಳಿಯನ್ನು ಒಂದು ದೊಡ್ಡ ಟರ್ಬೊ ಕೊಟ್ಟರೂ ಅಷ್ಟೇ, ಎರಡು ಸಣ್ಣವು ಹಂಚಿಕೊಂಡು ಕೊಟ್ಟರೂ ಅಷ್ಟೇ. ಅಕ್ಕಪಕ್ಕ ಜೋಡಿಸಿದ ಎರಡು ಟರ್ಬೊಗಳಲ್ಲಿ ಒತ್ತಡ ಕೂಡಿಕೊಳ್ಳುವುದಿಲ್ಲ. ಎರಡೂ 1 ಬಾರ್ ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿಗೆ ಸಿಗುವ ಒತ್ತಡ; ಬಾರ್ ಅದರ ಅಳತೆ) ಕೊಡುತ್ತಿದ್ದರೆ ಇಂಜಿನ್‌ಗೆ ಸಿಗುವುದೂ 1 ಬಾರ್ ಬೂಸ್ಟೇ. ಕೂಡಿಕೊಳ್ಳುವುದು ಗಾಳಿಯ ಪ್ರಮಾಣ ಮಾತ್ರ.

ಟರ್ಬೊ ಲ್ಯಾಗ್ ಅಂತಾರಲ್ಲ, ಅದು ಯಾಕೆ ಬರುತ್ತೆ?

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನು ಜನ ಒಂದೇ ಹೆಸರಿನಲ್ಲಿ ಕರೆಯುತ್ತಾರೆ.

ಮೊದಲನೆಯದು, ಹೊಗೆಯೇ ಸಾಲದಿರುವುದು. 1500 ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ದೊಡ್ಡ ಟರ್ಬೊವನ್ನು ಪೂರ್ತಿ ಬೂಸ್ಟ್‌ಗೆ ತರುವಷ್ಟು ಹೊಗೆ ಇಂಜಿನ್‌ನಲ್ಲಿ ಇರುವುದೇ ಇಲ್ಲ. ನೀವು ಆಕ್ಸಿಲರೇಟರ್ ಒತ್ತಿಕೊಂಡು ಎಷ್ಟು ಹೊತ್ತು ಕಾದರೂ ಬರುವುದಿಲ್ಲ. ಇದು ಬೂಸ್ಟ್ ಶುರುವಾಗುವ ಆರ್‌ಪಿಎಂನ ಪ್ರಶ್ನೆ.

ಎರಡನೆಯದೇ ನಿಜವಾದ ಲ್ಯಾಗ್. ಆರ್‌ಪಿಎಂ ಸಾಕಷ್ಟಿದೆ, ಹೊಗೆಯೂ ಇದೆ, ಆದರೆ ಕಾಲು ಒತ್ತಿದ ಮೇಲೆ ಚಕ್ರ ವೇಗ ಹಿಡಿಯಲು ಒಂದಷ್ಟು ಹೊತ್ತು ಬೇಕು.

ಮೊದಲನೆಯದಕ್ಕೆ ಸರಿಯಾದ ಗೇರ್‌ನಲ್ಲಿ ಓಡಿಸುವುದು ಅರ್ಧ ಪರಿಹಾರ. ಎರಡನೆಯದಕ್ಕೆ ಚಕ್ರದ ತೂಕ, ಬೇರಿಂಗ್, ಪೈಪುಗಳ ಉದ್ದ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಕಾರಿನಲ್ಲಿ ಯಾವ ತೊಂದರೆ ಎಂದು ಮೊದಲು ಗುರುತಿಸಿ. ಇದು ಗೊತ್ತಾಗದೆ ಟರ್ಬೊ ಬದಲಿಸುವವರು ತುಂಬಾ ಜನ ಇದ್ದಾರೆ.

ನನ್ನ ಕಾರಿನ ಇಂಜಿನ್ ಕವರ್ ಮೇಲೆ ‘ಟ್ವಿನ್‌ಪವರ್ ಟರ್ಬೊ’ ಅಂತಿದೆ. ಒಳಗೆ ಎರಡು ಇದೆಯಾ?

ಇರಬೇಕೆಂದೇನಿಲ್ಲ. ಬಿಎಂಡಬ್ಲ್ಯು ಈ ಹೆಸರನ್ನು ಒಂದೇ ಟರ್ಬೊ ಇರುವ ಇಂಜಿನ್‌ಗಳಿಗೂ ಬಳಸುತ್ತದೆ. ಪೆಟ್ರೋಲ್ ಇಂಜಿನ್‌ಗಳಲ್ಲಿ ಅಲ್ಲಿ ಹೆಚ್ಚಾಗಿ ಇರುವುದು ಟ್ವಿನ್ ಸ್ಕ್ರೋಲ್, ಅಂದರೆ ಹೊಗೆ ಬರಲು ಎರಡು ದಾರಿಗಳಿರುವ ಒಂದೇ ಟರ್ಬೊ. ಹಳೆ ಕಾರು ಕೊಳ್ಳುವಾಗ ಬ್ಯಾಡ್ಜ್ ನಂಬಬೇಡಿ, ಇಂಜಿನ್ ಕೋಡ್ ನೋಡಿ.

## ಯಾವುದನ್ನು ಆರಿಸೋದು?

ನನ್ನದು ನಾಲ್ಕು ಸಿಲಿಂಡರ್ ಇಂಜಿನ್. ಎರಡು ಟರ್ಬೊ ಹಾಕಿಸಲಾ?

ಪೆಟ್ರೋಲ್ ಇಂಜಿನ್ ಆದರೆ ಬೇಡ. ನಾಲ್ಕು ಸಿಲಿಂಡರ್‌ನ ಹೊಗೆಯನ್ನು ಎರಡು ಪಾಲು ಮಾಡಿದರೆ ಪ್ರತಿ ಟರ್ಬೊಗೆ ಎರಡೇ ಸಿಲಿಂಡರ್ ಉಳಿಯುತ್ತವೆ. ಜಾಗ, ಖರ್ಚು, ಪೈಪು ಎಲ್ಲ ಎರಡರಷ್ಟಾಗುತ್ತದೆ. ಲಾಭ ಮಾತ್ರ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ.

ಒಂದೇ ಟರ್ಬೊದಿಂದ ಎಷ್ಟು ಸಾಧ್ಯ ಅನ್ನೋದಕ್ಕೆ ಎರಡು ಉದಾಹರಣೆ ಸಾಕು. 1983ರಲ್ಲಿ ನೆಲ್ಸನ್ ಪಿಕೆ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದದ್ದು ಬಿಎಂಡಬ್ಲ್ಯುವಿನ 1.5 ಲೀಟರ್, ನಾಲ್ಕು ಸಿಲಿಂಡರ್, ಒಂದೇ ಟರ್ಬೊ ಇಂಜಿನ್‌ನಲ್ಲಿ. ಟರ್ಬೊ ಇಂಜಿನ್‌ಗೆ ಸಿಕ್ಕ ಮೊದಲ ಚಾಲಕ ಪಟ್ಟ ಅದು. ರಸ್ತೆ ಕಾರಿಗೆ ಬಂದರೆ, 2019ರಲ್ಲಿ ಮರ್ಸಿಡಿಸ್-ಎಎಂಜಿ ತಂದ ಎಂ139 ಇಂಜಿನ್ 2 ಲೀಟರ್‌ನಲ್ಲೇ, ಒಂದೇ ಟರ್ಬೊ ಇಟ್ಟುಕೊಂಡು 400 ಹಾರ್ಸ್‌ಪವರ್ ದಾಟಿತು.

ಡೀಸೆಲ್‌ನ ಕಥೆ ಬೇರೆ. ಅಲ್ಲಿ ನಾಲ್ಕು ಸಿಲಿಂಡರ್‌ಗೂ ಎರಡು ಟರ್ಬೊ ಇಟ್ಟ ಕಂಪನಿಗಳಿವೆ. ಆದರೆ ಅವು ಒಂದರ ಹಿಂದೆ ಒಂದು ಕೆಲಸ ಮಾಡುವ ಜೋಡಿ. ಅದರ ವಿವರ ಮೂರನೇ ಭಾಗದಲ್ಲಿದೆ.

ವಿ6, ವಿ8 ಇಂಜಿನ್‌ಗಳಲ್ಲಿ ಯಾಕೆ ಹೆಚ್ಚಾಗಿ ಎರಡೇ ಇರುತ್ತೆ?

ಇಂಜಿನ್‌ನ ಆಕಾರವೇ ಕಾರಣ. ವಿ ಇಂಜಿನ್‌ನಲ್ಲಿ ಸಿಲಿಂಡರ್‌ಗಳು ಎರಡು ಸಾಲಾಗಿ ಇರುತ್ತವೆ, ಮಾಮೂಲಿಯಾಗಿ ಹೊಗೆ ಹೊರಬರುವುದು ಎರಡು ಕಡೆ. ಒಂದೇ ಟರ್ಬೊ ಇಡಬೇಕಾದರೆ ಒಂದು ಕಡೆಯ ಹೊಗೆಯನ್ನು ಉದ್ದ ಪೈಪಿನಲ್ಲಿ ಇನ್ನೊಂದು ಕಡೆಗೆ ತರಬೇಕು. ದಾರಿಯಲ್ಲಿ ಹೊಗೆ ತಣ್ಣಗಾಗುತ್ತದೆ, ಅದರ ಬಲ ಕುಗ್ಗುತ್ತದೆ, ಪೈಪಿಗೆ ಜಾಗವೂ ಬೇಕು. ಪ್ರತಿ ಸಾಲಿಗೆ ಒಂದೊಂದು ಟರ್ಬೊ ಇಟ್ಟರೆ ಈ ರಗಳೆಯೇ ಇಲ್ಲ.

ಇದಕ್ಕೆ ಚೆಂದದ ಚರಿತ್ರೆ ಇದೆ. ರೆನೊ 1977ರಲ್ಲಿ ಫಾರ್ಮುಲಾ ಒನ್‌ಗೆ ಮೊದಲ ಟರ್ಬೊ ಕಾರು ತಂದಾಗ ಅದರ ವಿ6 ಇಂಜಿನ್‌ಗೆ ಇದ್ದದ್ದು ಒಂದೇ ಟರ್ಬೊ. ಲ್ಯಾಗ್ ವಿಪರೀತ ಇತ್ತು. 1979ರಲ್ಲಿ ಎರಡು ಸಣ್ಣ ಟರ್ಬೊಗಳಿಗೆ ಬದಲಾಯಿಸಿದರು. ಅದೇ ವರ್ಷ ಜುಲೈ 1ರಂದು ಡಿಜೊನ್‌ನಲ್ಲಿ ನಡೆದ ಫ್ರೆಂಚ್ ಗ್ರಾಂ ಪ್ರಿಯನ್ನು ಜಾಂ-ಪಿಯೆರ್ ಜಬುಯಿ ಗೆದ್ದರು. ಟರ್ಬೊ ಕಾರಿನ ಮೊದಲ ಗೆಲುವು ಅದು.

ಈಗ ಇನ್ನೊಂದು ದಾರಿಯೂ ಇದೆ. ಹೊಗೆಯ ಬಾಯಿಗಳನ್ನು ವಿ ಆಕಾರದ ಒಳಮುಖಕ್ಕೆ ತಿರುಗಿಸಿ, ಟರ್ಬೊವನ್ನು ನಡುವಿನ ಕಣಿವೆಯಲ್ಲೇ ಕೂರಿಸುವುದು. ಬಿಎಂಡಬ್ಲ್ಯು 2008ರ ಎನ್63 ಇಂಜಿನ್‌ನಲ್ಲಿ ಎರಡು ಟರ್ಬೊಗಳನ್ನು ಹೀಗೆ ಇಟ್ಟಿತು. ಆಡಿ ತನ್ನ 3 ಲೀಟರ್ ವಿ6ನಲ್ಲಿ ಇದೇ ಜಾಗದಲ್ಲಿ ಒಂದೇ ಟ್ವಿನ್ ಸ್ಕ್ರೋಲ್ ಟರ್ಬೊ ಇಟ್ಟಿತು. ಹಾಗಾಗಿ ‘ವಿ ಅಂದ್ರೆ ಎರಡು’ ಅನ್ನೋದು ಕಟ್ಟುನಿಟ್ಟಿನ ನಿಯಮ ಅಲ್ಲ. ಆದರೆ ಕಂಪನಿ ಮಾಡಿದ ಮಾಮೂಲಿ ವಿ ಇಂಜಿನ್‌ಗೆ ಹೊರಗೆ ಟರ್ಬೊ ಕೂರಿಸುವವರಿಗೆ ಎರಡೇ ಸಲೀಸು.

ಟ್ವಿನ್ ಸ್ಕ್ರೋಲ್ ಅಂದ್ರೆ ಏನು? ಟ್ವಿನ್ ಟರ್ಬೊಗೆ ಅದು ಸಮನಾ?

ಹೊಗೆ ಒಂದೇ ಸಮನೆ ಹರಿದು ಬರುವುದಿಲ್ಲ. ಒಂದೊಂದು ಸಿಲಿಂಡರ್‌ನಿಂದ ಒಂದೊಂದು ಹೊಡೆತವಾಗಿ ಬರುತ್ತದೆ. ನಾಲ್ಕೂ ಸಿಲಿಂಡರ್‌ಗಳ ಹೊಗೆಯನ್ನು ಒಂದೇ ಪೈಪಿಗೆ ಬಿಟ್ಟರೆ ಇಕ್ಕಟ್ಟಾದ ಬಾಗಿಲಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದ ಹಾಗೆ. ಒಂದರ ಹೊಡೆತ ಇನ್ನೊಂದಕ್ಕೆ ಅಡ್ಡ ಬರುತ್ತದೆ. ಒಂದು ಸಿಲಿಂಡರ್ ಇನ್ನೂ ಹೊಗೆ ಬಿಡುತ್ತಿರುವಾಗಲೇ ಪಕ್ಕದ್ದರ ಒತ್ತಡ ಅದರೊಳಗೆ ವಾಪಸ್ ನುಗ್ಗುತ್ತದೆ.

ಟ್ವಿನ್ ಸ್ಕ್ರೋಲ್‌ನಲ್ಲಿ ಟರ್ಬೈನ್ ಮನೆಯ ನಡುವೆ ಗೋಡೆ ಇದೆ, ಒಳಗೆ ಬರಲು ಎರಡು ದಾರಿ. ಉರಿಯುವ ಸರದಿ 1-3-4-2 ಇರುವ ಇಂಜಿನ್‌ನಲ್ಲಿ 1 ಮತ್ತು 4 ಒಂದು ದಾರಿಗೆ, 2 ಮತ್ತು 3 ಇನ್ನೊಂದಕ್ಕೆ. ಆಗ ಒಂದೇ ದಾರಿಯಲ್ಲಿ ಬರುವ ಎರಡು ಹೊಡೆತಗಳ ನಡುವೆ ಸಾಕಷ್ಟು ಅಂತರ ಇರುತ್ತದೆ. ಸಾಲಾಗಿರುವ ಆರು ಸಿಲಿಂಡರ್ ಇಂಜಿನ್‌ನಲ್ಲಿ ಮುಂದಿನ ಮೂರು ಒಂದು ಕಡೆ, ಹಿಂದಿನ ಮೂರು ಇನ್ನೊಂದು ಕಡೆ.

ಟ್ವಿನ್ ಟರ್ಬೊಗೆ ಸಮನಾ ಅಂದರೆ, ಬಿಎಂಡಬ್ಲ್ಯು ತಾನೇ ಉತ್ತರ ಕೊಟ್ಟಿದೆ. 2006ರ ಎನ್54 ಎಂಬ 3 ಲೀಟರ್ ಆರು ಸಿಲಿಂಡರ್ ಇಂಜಿನ್‌ನಲ್ಲಿ ಎರಡು ಟರ್ಬೊ ಇದ್ದವು: 306 ಹಾರ್ಸ್‌ಪವರ್, 400 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). 2009ರಲ್ಲಿ ಅದರ ಜಾಗಕ್ಕೆ ಬಂದ ಎನ್55ನಲ್ಲಿ ಒಂದೇ ಟ್ವಿನ್ ಸ್ಕ್ರೋಲ್ ಟರ್ಬೊ. ಪವರ್ ಅಷ್ಟೇ, ಟಾರ್ಕ್ ಅಷ್ಟೇ. ಪೂರ್ತಿ ಟಾರ್ಕ್ ಸ್ವಲ್ಪ ಮುಂಚೆಯೇ, 1200 ಆರ್‌ಪಿಎಂಗೇ ಬಂತು. ನಾಲ್ಕು ಅಥವಾ ಸಾಲಾಗಿರುವ ಆರು ಸಿಲಿಂಡರ್ ಇದ್ದರೆ ನಾನು ಮೊದಲು ಹೇಳುವುದು ಇದನ್ನೇ.

ಒಂದು ಎಚ್ಚರಿಕೆ. ಸಿಲಿಂಡರ್‌ಗಳ ಹೊಗೆಯನ್ನು ಟರ್ಬೊಗೆ ತರುವ ಮ್ಯಾನಿಫೋಲ್ಡ್ ಕೂಡ ಎರಡು ಪಾಲಾಗಿರಬೇಕು. ಮಾಮೂಲಿ ಮ್ಯಾನಿಫೋಲ್ಡ್‌ಗೆ ಟ್ವಿನ್ ಸ್ಕ್ರೋಲ್ ಟರ್ಬೊ ಜೋಡಿಸಿದರೆ ಸುಮ್ನೆ ದುಡ್ಡು ಹಾಳು.

ಸಾಲಾಗಿರುವ ಆರು ಸಿಲಿಂಡರ್ ಇಂಜಿನ್‌ಗೆ ಕಂಪನಿಯೇ ಎರಡು ಕೊಟ್ಟಿತ್ತು. ಜನ ಅದನ್ನು ತೆಗೆದು ಒಂದು ದೊಡ್ಡದು ಯಾಕೆ ಹಾಕ್ತಾರೆ?

ಟೊಯೊಟಾ ಸುಪ್ರಾದ 2ಜೆಝಡ್-ಜಿಟಿಇ, ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26, ಈ ಎರಡೂ ಎರಡು ಟರ್ಬೊಗಳೊಂದಿಗೇ ಬಂದವು. ಆಗಿನ ಟರ್ಬೊ ತಂತ್ರಜ್ಞಾನದಲ್ಲಿ ಲ್ಯಾಗ್ ಕಡಿಮೆ ಮಾಡಲು ಅದೇ ಒಳ್ಳೆಯ ದಾರಿಯಾಗಿತ್ತು. ಆರ್‌ಬಿ26ನಲ್ಲಿ ತೂಕ ಉಳಿಸಲು ಸೆರಾಮಿಕ್ ಟರ್ಬೈನ್ ಚಕ್ರಗಳನ್ನೇ ಇಟ್ಟಿದ್ದರು. ಬೂಸ್ಟ್ ಏರಿಸುತ್ತಾ ಹೋದರೆ ಅವು ಒಡೆದು ಹೋಗುವುದು ಆ ಕಾರಿನವರಿಗೆಲ್ಲ ಗೊತ್ತಿರುವ ವಿಷಯ.

ಇವತ್ತಿನ ಟರ್ಬೊಗಳಲ್ಲಿ ಹಗುರ ಚಕ್ರ, ಬಾಲ್ ಬೇರಿಂಗ್, ಸುಧಾರಿಸಿದ ರೆಕ್ಕೆಗಳಿವೆ. ಒಂದೇ ದೊಡ್ಡ ಟರ್ಬೊ ಹಾಕಿದರೆ ಪೈಪು ಕಡಿಮೆ, ಇಂಜಿನ್ ಪಕ್ಕದಲ್ಲಿ ಶಾಖ ಕಡಿಮೆ, ಕೈ ಹಾಕಲು ಜಾಗ ಜಾಸ್ತಿ. ಪವರ್‌ನ ಗುರಿ ಬದಲಾದರೆ ಒಂದನ್ನು ಬಿಚ್ಚಿ ಇನ್ನೊಂದು ಹಾಕುವುದೂ ಸುಲಭ. ಆದರೆ 1000 ಹಾರ್ಸ್‌ಪವರ್ ಗುರಿ ಇಟ್ಟ ಟರ್ಬೊವನ್ನು ದಿನಾ ಓಡಿಸುವ ಕಾರಿಗೆ ಹಾಕಿದರೆ 4500 ಆರ್‌ಪಿಎಂವರೆಗೂ ಕಾರು ಸಪ್ಪೆ. ಬೇರೆಯವರು ತೋರಿಸುವ ಡೈನೊ ಶೀಟ್‌ನಲ್ಲಿ (ಯಾವ ಆರ್‌ಪಿಎಂಗೆ ಎಷ್ಟು ಪವರ್ ಎಂದು ಅಳೆದ ಚಾರ್ಟ್) ಕೊನೆಯ ಅಂಕಿಯನ್ನಷ್ಟೇ ನೋಡಬೇಡಿ. 2500ರಿಂದ 5000 ಆರ್‌ಪಿಎಂ ನಡುವೆ ಗೆರೆ ಎಲ್ಲಿದೆ ನೋಡಿ. ನೀವು ಬದುಕುವುದು ಅಲ್ಲೇ.

ಸಿಟಿಯಲ್ಲಿ ಓಡಿಸೋದೇ ಜಾಸ್ತಿ. ನನಗೆ ಯಾವುದು ಸರಿ?

ಸಣ್ಣ ಟರ್ಬೊ. ಒಂದೋ ಎರಡೋ ಅನ್ನೋದು ಆಮೇಲಿನ ಮಾತು. ಬೂಸ್ಟ್ 2000 ಆರ್‌ಪಿಎಂ ಒಳಗೆ ಬರಬೇಕು ಅಂತ ಟ್ಯೂನರ್‌ಗೆ (ಇಂಜಿನ್ ಹೊಂದಿಸಿಕೊಡುವವರಿಗೆ) ಮೊದಲೇ ಹೇಳಿ. ಅದಕ್ಕಾಗಿ ಮೇಲಿನ ಪವರ್ ಸ್ವಲ್ಪ ಬಿಟ್ಟುಕೊಡಿ.

ಖರ್ಚು, ರಿಪೇರಿ ಯಾವುದಕ್ಕೆ ಜಾಸ್ತಿ?

ಎರಡು ಟರ್ಬೊಗೆ, ಯಾವ ಅನುಮಾನವೂ ಇಲ್ಲ. ಟರ್ಬೊ ಎರಡು ಎಂದರೆ ಆಯಿಲ್ ಬರುವ ಪೈಪು ಎರಡು, ಆಯಿಲ್ ವಾಪಸ್ ಹೋಗುವ ಪೈಪು ಎರಡು, ಕೂಲೆಂಟ್ ಪೈಪುಗಳು, ಗ್ಯಾಸ್ಕೆಟ್‌ಗಳು, ವೇಸ್ಟ್‌ಗೇಟ್‌ಗಳು (ಹೆಚ್ಚಾದ ಹೊಗೆಯನ್ನು ಟರ್ಬೈನ್ ತಪ್ಪಿಸಿ ಬಿಡುವ ಕವಾಟಗಳು) ಎಲ್ಲವೂ ಜೋಡಿ. ಲೀಕ್ ಆಗಬಹುದಾದ ಜಾಗಗಳೂ ಅಷ್ಟೇ ಹೆಚ್ಚು. ವಿ ಇಂಜಿನ್‌ನಲ್ಲಿ ಇಂಜಿನ್ ಕೋಣೆಯ ಗೋಡೆಗೆ ಅಂಟಿಕೊಂಡಿರುವ ಟರ್ಬೊ ಬಿಚ್ಚಲು ಕೆಲವೊಮ್ಮೆ ಇಂಜಿನ್ನನ್ನೇ ಕೆಳಗಿಳಿಸಬೇಕಾಗುತ್ತದೆ. ಆಗ ಬಿಡಿಭಾಗಕ್ಕಿಂತ ಕೂಲಿಯೇ ಜಾಸ್ತಿಯಾದರೂ ಆಶ್ಚರ್ಯವಿಲ್ಲ. ಎರಡರಲ್ಲಿ ಒಂದು ಹೋದರೆ ಇನ್ನೊಂದನ್ನೂ ಬಿಚ್ಚಿ ಪರೀಕ್ಷೆ ಮಾಡಿಸಿ. ಇಬ್ಬರಿಗೂ ಆಯಸ್ಸು ಒಂದೇ, ಕುಡಿದ ಆಯಿಲೂ ಒಂದೇ.

ಎಷ್ಟೇ ಟರ್ಬೊ ಇರಲಿ, ಬಾಳಿಕೆಯ ಗುಟ್ಟು ಆಯಿಲ್‌ನಲ್ಲಿದೆ. ಹೇಳಿದ ದರ್ಜೆಯ ಆಯಿಲನ್ನು ಹೇಳಿದ ಸಮಯಕ್ಕಿಂತ ಸ್ವಲ್ಪ ಮುಂಚೆಯೇ ಬದಲಿಸಿ. ಜೋರಾಗಿ ಓಡಿಸಿ ಬಂದ ಮೇಲೆ ತಕ್ಷಣ ಇಂಜಿನ್ ಆಫ್ ಮಾಡಬೇಡಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಕಾದ ಬೇರಿಂಗ್‌ನಲ್ಲಿ ನಿಂತ ಆಯಿಲ್ ಸುಟ್ಟು ಕಪ್ಪು ಕರಿಯಾಗುತ್ತದೆ, ಆಮೇಲೆ ಅದೇ ಆಯಿಲ್ ದಾರಿಯನ್ನು ಕಟ್ಟುತ್ತದೆ.

ಮೈಲೇಜ್‌ಗೆ ಯಾವುದು ಒಳ್ಳೆಯದು?

ಟರ್ಬೊ ಸಂಖ್ಯೆಯಿಂದ ಮೈಲೇಜ್ ತೀರ್ಮಾನ ಆಗುವುದಿಲ್ಲ. ಇಂಜಿನ್ ಗಾತ್ರ, ಟ್ಯೂನಿಂಗ್, ನಿಮ್ಮ ಬಲಗಾಲು, ಇವು ಮೂರೇ ಮುಖ್ಯ.

ಎರಡು ಟರ್ಬೊ ಹಾಕಿದರೆ ಇಂಜಿನ್ ಬೇಗ ಹಾಳಾಗುತ್ತಾ?

ಇಂಜಿನ್ ಹಾಳಾಗುವುದು ಅದರ ತಾಕತ್ತು ಮೀರಿದ ಒತ್ತಡದಿಂದ. ಆ ಒತ್ತಡ ಎಷ್ಟು ಟರ್ಬೊಗಳಿಂದ ಬಂತು ಅಂತ ಪಿಸ್ಟನ್ನಿಗೆ ಗೊತ್ತಾಗುವುದಿಲ್ಲ. ಪೆಟ್ರೋಲ್ ಇಂಜಿನ್‌ನಲ್ಲಿ ದೊಡ್ಡ ಶತ್ರು ನಾಕಿಂಗ್, ಅಂದರೆ ಸಿಲಿಂಡರ್ ಒಳಗೆ ಇಂಧನ ತಾನಾಗಿಯೇ ಸಿಡಿಯುವುದು. ಇಂಧನ ಪಂಪ್, ಇಂಜೆಕ್ಟರ್, ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣ್ಣಗಾಗಿಸುವುದು), ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಟ್ಯೂನ್, ಕ್ಲಚ್, ಇವಕ್ಕೆಲ್ಲ ದುಡ್ಡು ಎತ್ತಿಟ್ಟ ಮೇಲೆ ಉಳಿದದ್ದರಲ್ಲಿ ಟರ್ಬೊ ಆರಿಸಿ. ತಲೆಕೆಳಗಾಗಿ ಮಾಡಿದವರ ಇಂಜಿನ್‌ಗಳೇ ಮೊದಲು ಒಡೆಯುವುದು.

## ಒಳಗಿನ ಲೆಕ್ಕ

ಪ್ಯಾರಲಲ್, ಸೀಕ್ವೆನ್ಷಿಯಲ್, ಕಾಂಪೌಂಡ್, ಇವಕ್ಕೆ ಏನು ವ್ಯತ್ಯಾಸ?

ಪ್ಯಾರಲಲ್‌ನಲ್ಲಿ ಎರಡೂ ಒಂದೇ ಸೈಜಿನ ಟರ್ಬೊ. ಅರ್ಧ ಸಿಲಿಂಡರ್‌ಗಳ ಹೊಗೆ ಒಂದಕ್ಕೆ, ಇನ್ನರ್ಧ ಇನ್ನೊಂದಕ್ಕೆ. ಎರಡೂ ಒಟ್ಟಿಗೇ ಕೆಲಸ ಮಾಡುತ್ತವೆ. ಆರ್‌ಬಿ26 ಮತ್ತು 2007ರ ನಿಸ್ಸಾನ್ ಜಿಟಿ-ಆರ್‌ನ 3.8 ಲೀಟರ್ ವಿ6 ಈ ಜಾತಿ. ಸರಳ, ನಂಬಬಹುದಾದ ವ್ಯವಸ್ಥೆ.

ಸೀಕ್ವೆನ್ಷಿಯಲ್‌ನಲ್ಲಿ ಕೆಳಗಿನ ಆರ್‌ಪಿಎಂನಲ್ಲಿ ಪೂರ್ತಿ ಹೊಗೆ ಒಂದೇ ಟರ್ಬೊಗೆ ಹೋಗುತ್ತದೆ. ವೇಗ ಏರಿದಾಗ ಕವಾಟಗಳು ತೆರೆದು ಎರಡನೆಯದೂ ಸೇರಿಕೊಳ್ಳುತ್ತದೆ. 1986ರ ಪೋರ್ಷೆ 959, 1993ರ ಟೊಯೊಟಾ ಸುಪ್ರಾ, ಮಾಜ್ಡಾ ಆರ್‌ಎಕ್ಸ್-7ರ ಕೊನೆಯ ತಲೆಮಾರು ಹೀಗಿದ್ದವು. ಸುಪ್ರಾದಲ್ಲಿ 4000 ಆರ್‌ಪಿಎಂ ಆಸುಪಾಸಿನಲ್ಲಿ ಎರಡನೆಯದು ಪೂರ್ತಿ ಕೈಜೋಡಿಸುತ್ತದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಕವಾಟ, ಸೊಲೆನಾಯ್ಡ್, ವ್ಯಾಕ್ಯೂಮ್ ಹೋಸ್‌ಗಳ ಬಲೆ ದೊಡ್ಡದು. ಆರ್‌ಎಕ್ಸ್-7ನಲ್ಲಿ ಶಾಖಕ್ಕೆ ಒಣಗಿ ಬಿರಿದ ಒಂದು ಸಣ್ಣ ಹೋಸ್ ಇಡೀ ವ್ಯವಸ್ಥೆಯನ್ನು ಕೆಡಿಸಬಹುದು. ಕಂಪನಿ ಕೊಟ್ಟದ್ದು ಸುಸ್ಥಿತಿಯಲ್ಲಿದ್ದರೆ ಉಳಿಸಿಕೊಳ್ಳಿ, ಅದರ ಸೊಗಸೇ ಬೇರೆ. ಹೊಸದಾಗಿ ಕಟ್ಟಿಸಲು ಹೋಗಬೇಡಿ.

ಕಾಂಪೌಂಡ್‌ನಲ್ಲಿ ದೊಡ್ಡ ಟರ್ಬೊ ಒತ್ತಿದ ಗಾಳಿಯನ್ನು ಸಣ್ಣದು ಮತ್ತೊಮ್ಮೆ ಒತ್ತುತ್ತದೆ. ಇಲ್ಲಿ ಮಾತ್ರ ಒತ್ತಡದ ಅನುಪಾತಗಳು (ಹೊರಬರುವ ಒತ್ತಡ ಒಳಹೋಗುವ ಒತ್ತಡದ ಎಷ್ಟು ಪಟ್ಟು ಎಂಬುದು) ಗುಣಿಸಿಕೊಳ್ಳುತ್ತವೆ: ಒಂದರದು 2, ಇನ್ನೊಂದರದು 2 ಆದರೆ ಒಟ್ಟು 4. ನಾಕಿಂಗ್ ಭಯ ಇಲ್ಲದ ಡೀಸೆಲ್‌ಗೆ ಇದು ಹೇಳಿ ಮಾಡಿಸಿದ ವ್ಯವಸ್ಥೆ. 2004ರ ಬಿಎಂಡಬ್ಲ್ಯು 535ಡಿಯಲ್ಲಿ ಇಂಥ ಎರಡು ಹಂತದ ಜೋಡಿ ಇತ್ತು.

ಎರಡು ಸಣ್ಣ ಟರ್ಬೊ ನಿಜಕ್ಕೂ ಬೇಗ ತಿರುಗುತ್ತವಾ? ಪ್ರತಿಯೊಂದಕ್ಕೂ ಸಿಗೋದು ಅರ್ಧ ಹೊಗೆ ಅಲ್ವಾ?

ಒಳ್ಳೆಯ ಪ್ರಶ್ನೆ, ಲೆಕ್ಕ ಮಾಡಿಯೇ ನೋಡೋಣ. 60 ಮಿಲಿಮೀಟರ್ ಚಕ್ರದ ಒಂದು ಟರ್ಬೊ ಬದಲು ಎರಡು ಇಡುತ್ತೇವೆ. ಪ್ರತಿಯೊಂದೂ ಅರ್ಧ ಗಾಳಿ ಕೊಟ್ಟರೆ ಸಾಕು. ಗಾಳಿಯ ಪ್ರಮಾಣ ಚಕ್ರದ ವಿಸ್ತೀರ್ಣಕ್ಕೆ ತಕ್ಕಂತೆ ಇರುವುದರಿಂದ ವ್ಯಾಸ 0.71 ಪಟ್ಟು, ಅಂದರೆ ಸುಮಾರು 42 ಮಿಲಿಮೀಟರ್.

ಒಂದೇ ಆಕಾರದ ಚಕ್ರಗಳಲ್ಲಿ ತಿರುಗಲು ಒಡ್ಡುವ ಜಡತ್ವ ವ್ಯಾಸದ ಐದನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. 0.71ರ ಐದನೇ ಘಾತ ಸುಮಾರು 0.18. ಐದನೇ ಒಂದು ಭಾಗಕ್ಕಿಂತಲೂ ಕಡಿಮೆ! ಆದರೆ ಸಂಭ್ರಮ ಪಡುವ ಮೊದಲು ಇನ್ನೊಂದು ಸಂಗತಿ. ಅಷ್ಟೇ ಬೂಸ್ಟ್ ಕೊಡಲು ರೆಕ್ಕೆಯ ತುದಿಯ ವೇಗ ಅಷ್ಟೇ ಇರಬೇಕು. ಹಾಗಾಗಿ ಸಣ್ಣ ಚಕ್ರ 1.41 ಪಟ್ಟು ಜೋರಾಗಿ ತಿರುಗಬೇಕು. ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎರಡರಷ್ಟಾಗುತ್ತದೆ: 0.18 ಇದ್ದದ್ದು 0.35. ಅದಕ್ಕೆ ಸಿಗುವ ಹೊಗೆ ಅರ್ಧ. 0.35ನ್ನು 0.5ರಿಂದ ಭಾಗಿಸಿದರೆ 0.7. ಅಂದರೆ ವೇಗ ಹಿಡಿಯುವ ಸಮಯ ಕಾಗದದ ಮೇಲೆ ಸುಮಾರು 30 ಶೇಕಡ ಕಡಿಮೆ.

ನಿಜವಾದ ಇಂಜಿನ್‌ನಲ್ಲಿ ಇದರಲ್ಲಿ ಒಂದಷ್ಟು ಸೋರಿ ಹೋಗುತ್ತದೆ. ಚಕ್ರ ಚಿಕ್ಕದಾದರೂ ರೆಕ್ಕೆಯ ತುದಿಗೂ ಗೋಡೆಗೂ ನಡುವಿನ ಸಂದು ಅದೇ ಪ್ರಮಾಣದಲ್ಲಿ ಚಿಕ್ಕದಾಗುವುದಿಲ್ಲ, ಅಲ್ಲಿ ಗಾಳಿ ತಪ್ಪಿಸಿಕೊಳ್ಳುತ್ತದೆ. ಬೇರಿಂಗ್ ಘರ್ಷಣೆ ಎರಡು ಕಡೆ. ಎರಡು ಟರ್ಬೈನ್ ಮನೆಗಳಿಂದ ಶಾಖ ಹೊರಗೆ ಹೋಗುತ್ತದೆ. ಉಳಿದ ಲಾಭವನ್ನು ಒಳ್ಳೆಯ ಬಾಲ್ ಬೇರಿಂಗ್, ಟ್ವಿನ್ ಸ್ಕ್ರೋಲ್ ಟರ್ಬೊ ಬಹುಮಟ್ಟಿಗೆ ಸರಿಗಟ್ಟುತ್ತದೆ.

ಟರ್ಬೊ ಸೈಜ್ ಆರಿಸೋದು ಹೇಗೆ?

ಪವರ್ ಗುರಿಯಿಂದ ಹಿಂದಕ್ಕೆ ಬನ್ನಿ. ಪೆಟ್ರೋಲ್ ಇಂಜಿನ್‌ನಲ್ಲಿ ನಿಮಿಷಕ್ಕೆ 0.45 ಕಿಲೊ ಗಾಳಿಗೆ ಸುಮಾರು 10 ಹಾರ್ಸ್‌ಪವರ್ ಎಂದು ಅಂದಾಜು ಹಾಕುವುದು ರೂಢಿ. 300 ಹಾರ್ಸ್‌ಪವರ್ ಬೇಕಾದರೆ ನಿಮಿಷಕ್ಕೆ 13.5 ಕಿಲೊ ಗಾಳಿ.

2 ಲೀಟರ್ ಇಂಜಿನ್ 7000 ಆರ್‌ಪಿಎಂನಲ್ಲಿ ಟರ್ಬೊ ಇಲ್ಲದೆ ಎಳೆದುಕೊಳ್ಳುವುದು ಸುಮಾರು 7.5 ಕಿಲೊ. ಅಂದರೆ ಗಾಳಿಯ ಸಾಂದ್ರತೆ 1.8 ಪಟ್ಟು ಆಗಬೇಕು. ಒಳ್ಳೆಯ ಇಂಟರ್‌ಕೂಲರ್ ಇದ್ದರೆ ಸುಮಾರು 1 ಬಾರ್ ಬೂಸ್ಟ್‌ಗೆ ಇದು ಸಿಗುತ್ತದೆ. ಒತ್ತಡದ ಅನುಪಾತ 2, ಗಾಳಿ 13.5 ಕಿಲೊ, ಈ ಬಿಂದುವನ್ನು ಕಂಪ್ರೆಸರ್ ಮ್ಯಾಪ್ (ಎಷ್ಟು ಗಾಳಿ, ಎಷ್ಟು ಒತ್ತಡದಲ್ಲಿ ಆ ಟರ್ಬೊ ಚೆನ್ನಾಗಿ ಕೆಲಸ ಮಾಡುತ್ತದೆಂದು ತೋರಿಸುವ ನಕ್ಷೆ) ಮೇಲೆ ಗುರುತು ಹಾಕಿ. ನಡುವಿನ ಉತ್ತಮ ವಲಯದ ಹತ್ತಿರ ಬಿದ್ದರೆ ಆ ಟರ್ಬೊ ಹೊಂದುತ್ತದೆ. ಎಡಗಡೆಯ ಸರ್ಜ್ ಗೆರೆ (ಇದರಾಚೆ ಗಾಳಿ ಹಿಂದಕ್ಕೆ ಬಡಿಯುತ್ತದೆ) ದಾಟಿದರೆ ಟರ್ಬೊ ದೊಡ್ಡದಾಯಿತು, ಬಲತುದಿ ದಾಟಿದರೆ ಚಿಕ್ಕದಾಯಿತು. ಆ ಒಂದು ಬಿಂದು ಸಾಲದು. 3000, 4000, 5000 ಆರ್‌ಪಿಎಂಗೂ ಹೀಗೇ ಗುರುತು ಹಾಕಿ.

ಎರಡು ಪ್ಯಾರಲಲ್ ಟರ್ಬೊಗೆ ಲೆಕ್ಕ ಹಾಕುವಾಗ ಗಾಳಿಯನ್ನು ಮಾತ್ರ ಅರ್ಧ ಮಾಡಿ, ಒತ್ತಡದ ಅನುಪಾತವನ್ನು ಮಾಡಬೇಡಿ.

ಎರಡರಲ್ಲಿ ಒಂದು ಟರ್ಬೊ ಹಿಂದೆ ಬಿದ್ದರೆ ಏನಾಗುತ್ತೆ?

ಎರಡೂ ಒಂದೇ ಇಂಟೇಕ್ ಪೈಪಿಗೆ ಗಾಳಿ ತಳ್ಳುತ್ತವೆ. ಒಂದರ ವೇಸ್ಟ್‌ಗೇಟ್ ಬೇಗ ತೆರೆದರೆ ಅದು ನಿಧಾನವಾಗುತ್ತದೆ, ಬಲವಾಗಿರುವ ಇನ್ನೊಂದು ಅದರ ಎದುರು ಒತ್ತಡ ಹೇರುತ್ತದೆ. ಸೋತ ಟರ್ಬೊ ಸರ್ಜ್‌ಗೆ ಬೀಳುತ್ತದೆ: ಗಾಳಿ ಹಿಂದೆ ಮುಂದೆ ಬಡಿಯುವ ಸದ್ದು, ಬೂಸ್ಟ್ ಗೇಜ್‌ನಲ್ಲಿ ನಡುಕ. ಹೆಚ್ಚು ದಿನ ಬಿಟ್ಟರೆ ಥ್ರಸ್ಟ್ ಬೇರಿಂಗ್ ಸವೆಯುತ್ತದೆ. ವೇಸ್ಟ್‌ಗೇಟ್ ಸ್ಪ್ರಿಂಗ್‌ಗಳು, ಒತ್ತಡದ ಹೋಸ್‌ಗಳ ಉದ್ದ, ಏರ್ ಫಿಲ್ಟರ್‌ಗಳು ಎರಡೂ ಕಡೆ ಒಂದೇ ತರ ಇವೆಯಾ ಎಂದು ಮೊದಲು ನೋಡಿ. ಟರ್ಬೊವನ್ನು ದೂರುವುದು ಆಮೇಲೆ.

ಎಲೆಕ್ಟ್ರಿಕ್ ಟರ್ಬೊ ಬಂತಲ್ಲ, ಇನ್ನು ಈ ಚರ್ಚೆಗೆ ಅರ್ಥ ಇದೆಯಾ?

ಕಂಪನಿಗಳ ಮಟ್ಟಿಗೆ ಆಟ ಬದಲಾಗುತ್ತಿದೆ. ಶಾಫ್ಟ್ ಮೇಲೆ ಪುಟ್ಟ ಮೋಟರ್ ಇದ್ದರೆ ಹೊಗೆಗೆ ಕಾಯದೆ ಚಕ್ರ ವೇಗ ಹಿಡಿಯುತ್ತದೆ. ಆಗ ಒಂದೇ ದೊಡ್ಡ ಟರ್ಬೊದಲ್ಲೂ ಲ್ಯಾಗ್ ಕಾಣುವುದಿಲ್ಲ. ಮರ್ಸಿಡಿಸ್-ಎಎಂಜಿ 2022ರ ಸಿ43ನಲ್ಲಿ ಇದನ್ನು ತಂದಿತು.

ಪೋರ್ಷೆ 911ರ ದಾರಿ ನೋಡಿದರೆ ಇಡೀ ವಿಷಯ ಅರ್ಥವಾಗುತ್ತದೆ. 1975ರ 911 ಟರ್ಬೊದಲ್ಲಿ ಒಂದೇ ಟರ್ಬೊ, ಲ್ಯಾಗ್‌ಗೆ ಹೆಸರಾಗಿತ್ತು. 1995ರಲ್ಲಿ ಎರಡಾಯಿತು. 2024ರ 911 ಜಿಟಿಎಸ್‌ನಲ್ಲಿ, ಹಿಂದಿನ ಮಾದರಿಯ ಎರಡು ಟರ್ಬೊ ಹೋಗಿ ಮೋಟರ್ ಇರುವ ಒಂದೇ ಟರ್ಬೊ ಬಂತು. ಪ್ರತಿ ಸಲವೂ ಆ ಹೊತ್ತಿನ ತಂತ್ರಜ್ಞಾನ ನೋಡಿಯೇ ಸಂಖ್ಯೆ ಆರಿಸಿದ್ದಾರೆ.

ಆದರೆ ಇದಕ್ಕೆ ಮಾಮೂಲಿ 12 ವೋಲ್ಟ್ ಸಾಲದು. ಸಿ43ನಲ್ಲಿ 48 ವೋಲ್ಟ್ ಇದೆ, ಜಿಟಿಎಸ್‌ನಲ್ಲಿ 400 ವೋಲ್ಟ್ ವ್ಯವಸ್ಥೆ ಇದೆ. ಬ್ಯಾಟರಿ, ಇನ್ವರ್ಟರ್, ಅದನ್ನು ಇಂಜಿನ್ ಜೊತೆ ಹೊಂದಿಸುವ ಸಾಫ್ಟ್‌ವೇರ್ ಎಲ್ಲವೂ ಬೇಕು. ಹಳೆಯ ಕಾರಿಗೆ ಟರ್ಬೊ ಹಾಕಿಸಲು ಹೊರಟವರು ಸದ್ಯಕ್ಕೆ ಇದನ್ನು ಪಕ್ಕಕ್ಕಿಡಿ. ಮೇಲೆ ಹೇಳಿದ ಕಂಪ್ರೆಸರ್ ಮ್ಯಾಪ್ ತೆಗೆದುಕೊಂಡು ಟ್ಯೂನರ್ ಜೊತೆ ಕೂತು ಲೆಕ್ಕ ಹಾಕಿ.